ಮುನಿಲಕ್ಷ್ಮಮ್ಮನವರ ಹಸಿರು ಬಟ್ಟಲು

ಮುನಿಲಕ್ಷ್ಮಮ್ಮನವರು ನಮ್ಮ ಗ್ರಂಥಾಲಯಕ್ಕೆ ಮೊದಲ ಸಲ ಬಂದದ್ದು ೧೯೭೩ರ ಒಂದು ಶನಿವಾರ ಮಧ್ಯಾಹ್ನ. ಶಂಕರಪುರದಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಚಿಕ್ಕ ಗ್ರಂಥಾಲಯ ಅದು. ನಾನು ಅಲ್ಲಿ ಲೈಬ್ರೇರಿಯನ್. ಖಾಕಿ ಕೋಟನ್ನು ಮಡಿಸಿ ಕೈಮೇಲೆ ಹಾಕಿಕೊಂಡು ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ನಿಂತರು. ಕಾಲ್ಬೆರಳ ಸಂದಿಯಲ್ಲಿ ಬಿಳಿ ಮಣ್ಣು ಒಣಗಿತ್ತು. ಚೀನಾ ದೇಶದ ಹಳೆಯ ಪಿಂಗಾಣಿಯ ಬಗ್ಗೆ ಪುಸ್ತಕ ಇದೆಯಾ ಎಂದು ಕೇಳಿದರು. ನಾನು ತಲೆಯೆತ್ತಿ ನೋಡಿ, "ಯಾರು ಕಳ್ಸಿದ್ದಮ್ಮ ನಿನ್ನ?" ಅಂದೆ.

"ಯಾರೂ ಕಳ್ಸಿಲ್ಲ. ನನಗೇ ಬೇಕು. ನೀವು ನನ್ನನ್ನ ನೀನು ಅನ್ನೋ ಅಷ್ಟು ಪರಿಚಯ ನಮಗಿಬ್ರಿಗೂ ಇಲ್ಲ," ಎಂದರು.

ನನ್ನ ಹೆಸರು ರಂಗನಾಯಕಿ. ಹುಟ್ಟಿದ್ದು, ಬೆಳೆದದ್ದು ಎಲ್ಲ ಬಸವನಗುಡಿಯಲ್ಲೇ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ, ಅವರು ನನಗಿಂತ ಆರೇಳು ವರ್ಷ ದೊಡ್ಡವರು. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಲು ಒಂದು ವಾರ ಹಿಡಿಯಿತು. ಮುಂದಿನ ಶನಿವಾರ ಬಂದಾಗ "ಬನ್ನಿ" ಅಂದೆ. ಅದನ್ನು ಅವರು ದೊಡ್ಡ ಉಪಕಾರ ಅಂತೇನೂ ತಿಳಿಯಲಿಲ್ಲ. ಪುಸ್ತಕ ತೆಗೆದುಕೊಂಡು ಹೋಗಿ ಕಿಟಕಿ ಪಕ್ಕ ಕೂತರು.

ಅವರ ಮನೆ ಚಾಮರಾಜಪೇಟೆಯ ಒಂದು ವಠಾರದಲ್ಲಿ. ತಂದೆ ಮುನಿರಾಮಪ್ಪ ನಗರಸಭೆಯಲ್ಲಿ ಕೆಲಸಕ್ಕಿದ್ದರು, ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು, ಮಗಳಿಗೆ ಇಪ್ಪತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. ಉಳಿದವರು ತಾಯಿ ಅಂಜಮ್ಮ ಒಬ್ಬರೇ. ಮುನಿಲಕ್ಷ್ಮಮ್ಮ ಹದಿನೇಳನೇ ವಯಸ್ಸಿಗೇ ಮಲ್ಲೇಶ್ವರದ ಕಡೆ ಇದ್ದ ಒಂದು ಪಿಂಗಾಣಿ ಕಾರ್ಖಾನೆಗೆ ಸೇರಿದರು. ಕರೆಂಟು ಕಂಬದ ಮೇಲೆ ತಂತಿ ಕಟ್ಟಲು ಬಿಳಿ ಬುಗುರಿಯಂಥ ಇನ್ಸುಲೇಟರುಗಳಿರುತ್ತವಲ್ಲ, ಅವನ್ನು ಮಾಡುವ ಕಾರ್ಖಾನೆ. ಹಸಿ ಇನ್ಸುಲೇಟರುಗಳನ್ನು ಗ್ಲೇಜಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವುದು ಅವರ ಕೆಲಸ. ಸುಟ್ಟಾಗ ಗಾಜಿನ ಹಾಗೆ ಹೊಳೆಯುವ ಆ ಲೇಪಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ಅದ್ದುತ್ತ ಅದ್ದುತ್ತ ಕಲಿತರು. ಸಂಜೆ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕಾರ್ಖಾನೆಯ ಲ್ಯಾಬಿನಲ್ಲಿ ಸಹಾಯಕಿಯಾದರು.

ಅವರ ಸಂಗ್ರಹ ಶುರುವಾದದ್ದು ಒಂದು ತಟ್ಟೆಯಿಂದ. ಪಕ್ಕದ ಬೀದಿಯ ಹಾಜಿರಾ ಬಿ ಎಂಬ ವೃದ್ಧೆ ದೊಡ್ಡದೊಂದು ಹಸಿರು ತಟ್ಟೆಯಲ್ಲಿ ಹುಣಿಸೆಹಣ್ಣು ನೆನೆಹಾಕುತ್ತಿದ್ದರು. ಅವರ ಮನೆಯಲ್ಲಿ ಅದನ್ನು ಘೋರಿ ತಟ್ಟೆ ಅನ್ನುತ್ತಿದ್ದರು, ಅಂಥ ಹಸಿರು ತಟ್ಟೆಗಳಿಗೆ ಹಳಬರಿಟ್ಟ ಹೆಸರು. ವಿಷ ಬೆರೆಸಿದ ಅನ್ನ ಬಡಿಸಿದರೆ ತಟ್ಟೆ ತಾನಾಗಿಯೇ ಸೀಳಿಬಿಡುತ್ತದೆ ಎಂದು ಹಾಜಿರಾ ಬಿ ಅವರ ಅಜ್ಜ ಹೇಳುತ್ತಿದ್ದರಂತೆ. ಮುನಿಲಕ್ಷ್ಮಮ್ಮನಿಗೆ ವಿಷದ ಕಥೆ ಬೇಕಿರಲಿಲ್ಲ, ಕಣ್ಣಿಗೆ ಬಿದ್ದದ್ದು ಬಣ್ಣ. ಎಳೇ ಬೇವಿನೆಲೆಯನ್ನು ಹಾಲಲ್ಲಿ ಅದ್ದಿದಂಥ ಹಸಿರು. ಕಾರ್ಖಾನೆಯಲ್ಲಿ ಒಮ್ಮೆ ಪಿಂಗಾಣಿ ಸುಡುವ ಗೂಡಿಗೆ ಗಾಳಿ ಸಾಲದೆ ಹೊಗೆ ತುಂಬಿಕೊಂಡಾಗ ಒಂದು ಇನ್ಸುಲೇಟರು ಇದೇ ಬಣ್ಣಕ್ಕೆ ತಿರುಗಿತ್ತು. ಗ್ಲೇಜಿನಲ್ಲಿ ಒಂದು ಚೂರು ಕಬ್ಬಿಣದ ಅಂಶ ಇದ್ದು, ಸುಡುವಾಗ ಗಾಳಿ ಕಟ್ಟಿದರೆ ಹಸಿರು, ಬಿಟ್ಟರೆ ಹಳದಿ. ಅಷ್ಟು ಅವರಿಗೆ ಗೊತ್ತಿತ್ತು. ಇದನ್ನು ಬೇಕೆಂದೇ ಮಾಡಿದವರು ಯಾರು, ಯಾವಾಗ, ಎಲ್ಲಿ ಎಂಬುದು ಗೊತ್ತಿರಲಿಲ್ಲ. ಎರಡು ಸ್ಟೀಲ್ ತಟ್ಟೆ ಕೊಟ್ಟು ಅದನ್ನು ತಂದರು. ನಮ್ಮ ಗ್ರಂಥಾಲಯಕ್ಕೆ ಬಂದದ್ದು ಆ ಪ್ರಶ್ನೆಗಳ ಉತ್ತರ ಹುಡುಕಿಕೊಂಡು.

ಉತ್ತರ ಸಿಕ್ಕಿದ್ದು ಎರಡು ವರ್ಷದ ಮೇಲೆ. ಆ ಹಸಿರು ಪಿಂಗಾಣಿಗೆ ಸೆಲಡಾನ್ ಎಂದು ಹೆಸರು. ಹಾಜಿರಾ ಬಿ ಅವರ ತಟ್ಟೆ ದಕ್ಷಿಣ ಚೀನಾದ ಗೂಡಿನಲ್ಲಿ ಆರುನೂರು ವರ್ಷದ ಹಿಂದೆ ಸುಟ್ಟದ್ದು, ಹಡಗಿನಲ್ಲಿ ಬಂದದ್ದು. ಇದು ತಿಳಿದ ದಿನ ಮುನಿಲಕ್ಷ್ಮಮ್ಮ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಾಜಿರಾ ಬಿ ಮನೆಗೆ ಹೋದರು. ಇದು ಸ್ಟೀಲ್ ತಟ್ಟೆಗೆ ಬದಲು ಕೊಡುವಂಥದ್ದಲ್ಲ, ನನಗೆ ಆಗ ಗೊತ್ತಿರಲಿಲ್ಲ, ವಾಪಸು ತಗೊಳ್ಳಿ ಎಂದು ಮುಂದಿಟ್ಟರು. ಆಕೆ ಬಹಳ ಹೊತ್ತು ತಟ್ಟೆ ಸವರಿ, ನನ್ನ ಮಕ್ಕಳು ಇದನ್ನು ಮಾರಿಬಿಡ್ತಾರೆ, ನೀನಾದರೆ ನೋಡ್ಕೋತೀಯ ಎಂದು ಅವರಿಗೇ ಕೊಟ್ಟುಬಿಟ್ಟರು. ಅವತ್ತಿನಿಂದ ಮುನಿಲಕ್ಷ್ಮಮ್ಮನ ನೋಟ್ ಬುಕ್ಕಿನಲ್ಲಿ ಪ್ರತಿ ವಸ್ತುವಿನ ಮೇಲೂ ಅದು ಯಾರ ಮನೆಯದೋ ಅವರ ಹೆಸರು ಮೊದಲು ಬರುತ್ತಿತ್ತು. ಆಮೇಲೆ ಅಳತೆ, ತೂಕ, ಪಾದದ ಅಂದರೆ ತಳದ ಉಂಗುರದ ಮಣ್ಣಿನ ಬಣ್ಣ, ಗ್ಲೇಜಿನಲ್ಲಿರುವ ಗುಳ್ಳೆಗಳು.

೧೯೭೯ರ ಹೊತ್ತಿಗೆ ಹನ್ನೊಂದು ಪಾತ್ರೆ ಸೇರಿದ್ದವು. ಎರಡು ಬಟ್ಟಲಿಗೆ ಬಿರುಕು, ಒಂದು ಜಾಡಿಗೆ ಮುಚ್ಚಳ ಇಲ್ಲ, ಒಂದು ತಟ್ಟೆ ಕಂಟೋನ್ಮೆಂಟಿನ ಒಂದು ಮನೆಯ ಹರಾಜಿನಲ್ಲಿ ಹಕ್ಕಿಗೆ ನೀರಿಡುವ ತಟ್ಟೆ ಎಂದು ಮಾರಿದ್ದು. ಟ್ರಂಕಿನಲ್ಲಿ ಹತ್ತೊಂಬತ್ತು ಪುಸ್ತಕ. ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು ಪಿಂಗಾಣಿ ಎಂಬ ಮಾತು ಕಂಡರೆ ಅವರಿಗಾಗಿ ಎತ್ತಿಡುತ್ತಿದ್ದರು. ಪ್ರತಿ ಪುಟಕ್ಕೂ ಡಿಕ್ಷನರಿ ತಿರುವಿ, ಅರ್ಥ ಬರೆದುಕೊಂಡು ಓದುತ್ತಿದ್ದರು. ನನ್ನ ಬಿ.ಎ. ಇಂಗ್ಲಿಷಿಗೂ ಸಿಗದ ವಾಕ್ಯಗಳನ್ನು ಅವರು ಬಿಡಿಸಿ ಹೇಳಿದ್ದುಂಟು.

ಪ್ರೊಫೆಸರ್ ದೊರೆಸ್ವಾಮಿಯವರಿಗೆ ಅವರನ್ನು ಪರಿಚಯ ಮಾಡಿಸಿದವಳು ನಾನು. ಇದನ್ನು ಮುಚ್ಚಿಡುವುದಿಲ್ಲ. ಅವರು ರಿಟೈರಾದ ಇತಿಹಾಸದ ಪ್ರೊಫೆಸರು, ನಮ್ಮ ಟ್ರಸ್ಟಿನ ಸದಸ್ಯರು, ದಿನಾ ಬೆಳಿಗ್ಗೆ ಪೇಪರ್ ಓದಲು ಬರುವವರು. ಹಳೇ ವ್ಯಾಪಾರದ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಇಬ್ಬರಿಗೂ ಒಳ್ಳೆಯದಾಗುತ್ತದೆ ಅಂದುಕೊಂಡು ನಾನೇ ಅವರನ್ನು ಚಾಮರಾಜಪೇಟೆಗೆ ಕರೆದುಕೊಂಡು ಹೋದೆ. ಜೊತೆಗೊಬ್ಬ ಫೋಟೋಗ್ರಾಫರ್ ಬಂದಿದ್ದ. ಅಂಜಮ್ಮ ಕಾಫಿ ತಂದಿಟ್ಟರು. ಡಾಕ್ಟರು ಕಾಫಿ ಬಿಡಿಸಿದ್ದಾರೆ ಎಂದು ಪ್ರೊಫೆಸರು ಲೋಟ ಮುಟ್ಟಲಿಲ್ಲ. ವಾಪಸು ಬರುವಾಗ ಗಾಂಧಿಬಜಾರಿನ ಹೋಟೆಲಿನಲ್ಲಿ ಇಳಿದು ಎರಡು ಕಪ್ ಕುಡಿದರು. ಎದುರಿಗೆ ಕೂತು ನಾನೂ ಕುಡಿದೆ.

ಆ ದಿನ ಮುನಿಲಕ್ಷ್ಮಮ್ಮ ಒಂದೊಂದೇ ಪಾತ್ರೆ ಎತ್ತಿ ವಿವರ ಹೇಳಿದರು. ಕೊನೆಯದು ಒಂದು ಸಣ್ಣ ಬಟ್ಟಲು. ಇದು ಚೀನಾದ್ದಲ್ಲ, ನಾನೇ ಮಾಡಿದ್ದು, ಗೂಡಿನಲ್ಲಿ ಆ ಹಸಿರು ಹೇಗೆ ಬರುತ್ತೆ ಅಂತ ತಿಳ್ಕೊಳ್ಳೋಕೆ ಎಂದು ಅವರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಪ್ರೊಫೆಸರು ಫೋಟೋಗ್ರಾಫರಿಗೆ ಬೆಳಕಿನ ಕಡೆ ತಿರುಗಿಸು ಅನ್ನುತ್ತಿದ್ದರು. ಹೊರಡುವಾಗ ಎರಡು ನೋಟ್ ಬುಕ್ ಕೇಳಿದರು. ಮುನಿಲಕ್ಷ್ಮಮ್ಮ ಕೊಟ್ಟರು. ಮೂರು ತಿಂಗಳ ಮೇಲೆ ನಾಲ್ಕು ಸಲ ನೆನಪಿಸಿದ ನಂತರ ನೋಟ್ ಬುಕ್ಕುಗಳು ವಾಪಸು ಬಂದವು.

ಪುಸ್ತಕ ಬಂದದ್ದು ೧೯೮೧ರಲ್ಲಿ. ಇಂಗ್ಲಿಷಿನಲ್ಲಿ, ದಪ್ಪ ಹಾಳೆ, ಬಣ್ಣದ ಚಿತ್ರಗಳು. ನಮ್ಮ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಟ್ಟರು. ಮುನಿಲಕ್ಷ್ಮಮ್ಮ ಶನಿವಾರ ಬಂದಾಗ ನಾನೇ ಖುಷಿಯಿಂದ ಕೈಗಿಟ್ಟೆ. ಅವರು ಕಿಟಕಿ ಪಕ್ಕ ಕೂತು ಒಂದೇ ಸಮನೆ ಓದಿದರು. ಮುಖ ಕಪ್ಪಿಡುತ್ತ ಹೋಗುತ್ತಿದ್ದುದು ನನ್ನ ಮೇಜಿಗೇ ಕಾಣುತ್ತಿತ್ತು.

ಹನ್ನೆರಡೂ ಚಿತ್ರಗಳ ಕೆಳಗೆ 'ಲೇಖಕರ ಶೋಧ' ಎಂದಿತ್ತು. ಮುನ್ನುಡಿಯಲ್ಲಿ, ಬೆಲೆ ಅರಿಯದ ಜನ ಹುಣಿಸೆಹಣ್ಣು ನೆನೆಸಲು, ಉಪ್ಪಿನಕಾಯಿ ಹಾಕಲು ಬಳಸುತ್ತಿದ್ದ ಈ ಪಾತ್ರೆಗಳನ್ನು ಪೇಟೆಯ ಗಲ್ಲಿಗಳಲ್ಲಿ ಅಲೆದು ತಾನು ಬೆಳಕಿಗೆ ತಂದೆನೆಂದು ಬರೆದುಕೊಂಡಿದ್ದರು. ಕೊನೆಯಲ್ಲಿ 'ಒಬ್ಬ ಕಾರ್ಖಾನೆ ಕೆಲಸದಾಕೆ'ಗೆ ಕೃತಜ್ಞತೆ. ಹಾಜಿರಾ ಬಿ ಹೆಸರಿಲ್ಲ, ಯಾರ ಮನೆಯ ಹೆಸರೂ ಇಲ್ಲ. ಮುನಿಲಕ್ಷ್ಮಮ್ಮನ ವಾಕ್ಯಗಳು ಮಾತ್ರ ಇಂಗ್ಲಿಷಿನ ಕೋಟು ತೊಟ್ಟು ಸಾಲಾಗಿ ನಿಂತಿದ್ದವು. ಅವಸರದಲ್ಲಿ ನಕಲು ಮಾಡಿದ್ದರಿಂದ ಇದರ ಅಳತೆ ಅದಕ್ಕೆ, ಅದರ ಕಾಲ ಇದಕ್ಕೆ ಸೇರಿಹೋಗಿತ್ತು.

ಒಂಬತ್ತನೇ ಚಿತ್ರ ಅವರೇ ಮಾಡಿದ ಬಟ್ಟಲು. ಹದಿಮೂರನೇ ಶತಮಾನದ್ದು, ಇಡೀ ಸಂಗ್ರಹದಲ್ಲೇ ಶ್ರೇಷ್ಠವಾದದ್ದು, ಪಾದದಲ್ಲಿ ಸವೆದುಹೋದ ಚೀನೀ ಮುದ್ರೆ ಇದೆ ಎಂದು ವರ್ಣಿಸಿದ್ದರು. ಆ ಮುದ್ರೆ ಏನೆಂದು ಮುನಿಲಕ್ಷ್ಮಮ್ಮ ನನಗೆ ಹೇಳಿದರು. ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿದ್ದ 'ಮು ೪೩'. ಅವರ ಹೆಸರಿನ ಮೊದಲಕ್ಷರ, ನಲವತ್ತಮೂರನೇ ಪ್ರಯೋಗ. ಹಳೇ ತಟ್ಟೆಗಳ ಪಾದದ ಕೆಂಪು ಬರಲೆಂದು ಸುಟ್ಟ ಮೇಲೆ ಅವರು ಅಲ್ಲಿ ಕೆಮ್ಮಣ್ಣು ಬಳಿದಿದ್ದರಿಂದ ಅರ್ಧ ಮುಚ್ಚಿತ್ತು.

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

"ನಗಬೇಡಿ. ಅವತ್ತು ಹೇಳ್ದೆ ನಾನು. ನನ್ನ ಬಾಯಿಂದ ಬಂದದ್ದು ಅವರ ಕಿವಿಗೆ ಮಾತು ಅಂತಲೇ ಕೇಳಿಸ್ಲಿಲ್ಲ," ಅಂದರು.

ಮುಂದಿನ ಭಾನುವಾರ ಬೆಳಿಗ್ಗೆ ಬಸವನಗುಡಿಯ ಒಂದು ಸಭಾಂಗಣದಲ್ಲಿ ಪ್ರೊಫೆಸರಿಗೆ ಸನ್ಮಾನ ಇತ್ತು. ಮುನಿಲಕ್ಷ್ಮಮ್ಮ ಬಟ್ಟಲನ್ನು ಕೈಚೀಲದಲ್ಲಿಟ್ಟುಕೊಂಡು ಬಂದು ನನ್ನ ಪಕ್ಕ ಕೂತರು. ಮುಂದಿನ ಸಾಲಿನಲ್ಲಿ ಅವರ ಕಾರ್ಖಾನೆಯ ಮ್ಯಾನೇಜರು ಇದ್ದರು. ಪುಸ್ತಕ ಅಚ್ಚಾಗಲು ಕಾರ್ಖಾನೆಯೂ ನೆರವು ಕೊಟ್ಟಿತ್ತು. ಅವರನ್ನು ಕಂಡು ಮುನಿಲಕ್ಷ್ಮಮ್ಮ ಒಂದು ಕ್ಷಣ ತಡೆದದ್ದು ನನಗೆ ತಿಳಿಯಿತು. ಕಾರ್ಖಾನೆಯ ಗೂಡಿನಲ್ಲಿ ಸ್ವಂತದ್ದೇನನ್ನೂ ಸುಡಬಾರದೆಂದು ನಿಯಮ ಇತ್ತು. ಆ ಬಟ್ಟಲು ತನ್ನದೆಂದು ಹೇಳಿದರೆ ಅದನ್ನು ಎಲ್ಲಿ ಸುಟ್ಟೆನೆಂದೂ ಹೇಳಲೇಬೇಕು. ನಾನು ಅವರ ಸೆರಗು ಹಿಡಿದು, ಬೇಡ, ಕಾಗದ ಬರೆಯೋಣ ಎಂದು ಪಿಸುಗುಟ್ಟಿದೆ. ಅವರು ನನ್ನ ಕೈ ಬಿಡಿಸಿದರು.

ಶಾಲು, ಹಾರ, ಹಣ್ಣಿನ ತಟ್ಟೆ ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಸಭಿಕರಲ್ಲಿ ಯಾರಾದರೂ ಎರಡು ಮಾತಾಡಬಹುದು ಅಂದರು. ಮುನಿಲಕ್ಷ್ಮಮ್ಮ ಎದ್ದು ನೇರ ವೇದಿಕೆಯ ಹತ್ತಿರ ಹೋಗಿ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿದರು. ಪ್ರೊಫೆಸರು ನಗುನಗುತ್ತಲೇ, ಇದು ಒಂಬತ್ತನೇ ಚಿತ್ರದ ಅಮೂಲ್ಯ ವಸ್ತು, ಜೋಪಾನ ಎಂದು ಸಭೆಗೆ ಹೇಳಿದರು.

"ಪಾದದ ಮೇಲಿರೋದನ್ನ ಓದಿ ಸಾರ್," ಅಂದರು ಮುನಿಲಕ್ಷ್ಮಮ್ಮ.

ಕೆಮ್ಮಣ್ಣನ್ನು ಅವರು ಮನೆಯಲ್ಲೇ ಉಜ್ಜಿ ತೆಗೆದಿದ್ದರು. ಪ್ರೊಫೆಸರು ಕನ್ನಡಕ ಹಾಕಿಕೊಂಡು ನೋಡಿದರು, ಓದಲಿಲ್ಲ. ಅಧ್ಯಕ್ಷರು ಬಗ್ಗಿ ನೋಡಿ, ಇದು ಕನ್ನಡ ಅಕ್ಷರದ ಹಾಗಿದೆಯಲ್ಲ ಎಂದು ಮೈಕಿನಲ್ಲೇ ಹೇಳಿಬಿಟ್ಟರು. ಸಭೆಯಲ್ಲಿ ಗುಜುಗುಜು ಎದ್ದಿತು. ಪ್ರೊಫೆಸರು, ಈಕೆ ಆಮೇಲೆ ಗೀಚಿರಬೇಕು, ಏನೂ ತಿಳಿಯದವರು ಎಂದರು. ಆ ಮಾತಿಗೆ ಮುನಿಲಕ್ಷ್ಮಮ್ಮನ ಬೆನ್ನು ನೆಟ್ಟಗಾಯಿತು.

"ಸುಟ್ಟ ಮೇಲೆ ಗೀಚಿದ್ರೆ ಗೀರು ಬೆಳ್ಳಗೆ ಚೂಪಾಗಿರುತ್ತೆ. ಹಸೀಲಿ ಗೀಚಿದ್ರೆ ಅಂಚು ಉಬ್ಬಿರುತ್ತೆ. ಬೆರಳಿಟ್ಟು ನೋಡಿ. ಇದನ್ನ ನಮ್ಮ ಕಾರ್ಖಾನೆ ಟೆಸ್ಟ್ ಗೂಡಲ್ಲಿ ಎಪ್ಪತ್ತಾರನೇ ಇಸವಿ ಮೇ ತಿಂಗಳಲ್ಲಿ ನಾನೇ ಸುಟ್ಟಿದ್ದು. ಮುಂದಿನ ಸಾಲಲ್ಲಿ ನಮ್ಮ ಮ್ಯಾನೇಜರಿದ್ದಾರೆ, ಅವರಿಗೂ ಕೇಳಿಸಲಿ. ಉಳಿದ ಹನ್ನೊಂದೂ ನನ್ನ ಮನೇಲಿರೋದು. ಅದನ್ನ ಕೊಟ್ಟವರಿಗೆ ಹೆಸರಿದೆ. ನನಗೂ ಇದೆ."

ತಮ್ಮ ಹೆಸರು ಹೇಳಿದರು. ಹಾಜಿರಾ ಬಿ ಹೆಸರಿನಿಂದ ಹಿಡಿದು ಕೊಟ್ಟವರ ಹೆಸರೆಲ್ಲ ಹೇಳತೊಡಗಿದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಯಾರೋ ಮೈಕು ಆರಿಸಿದರು. ಅವರು ನಿಲ್ಲಿಸಲಿಲ್ಲ. ಪೂರ್ತಿ ಹೇಳಿ ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡು ನಡುದಾರಿಯಲ್ಲಿ ನಡೆದು ಹೊರಗೆ ಹೋದರು. ಅವರ ಹಿಂದೆ ನಾನು ಹೋಗಬೇಕಿತ್ತು. ಪರಿಚಯದವರೆಲ್ಲ ನೋಡುತ್ತಿದ್ದರು. ಕೂತೇ ಇದ್ದೆ.

ಆ ವಾರವೇ ಕಾರ್ಖಾನೆಯಿಂದ ಮೆಮೊ ಬಂತು. ವಿಚಾರಣೆಯಲ್ಲಿ ಅವರು ಯಾವುದನ್ನೂ ಅಲ್ಲಗಳೆಯಲಿಲ್ಲ. ನಲವತ್ತಮೂರು ಪ್ರಯೋಗಗಳ ಪಟ್ಟಿಯನ್ನೂ ತಾವೇ ಕೊಟ್ಟರು. ಹಸಿರು ಗ್ಲೇಜಿನ ಆ ಲೆಕ್ಕದಿಂದಲೇ ಕಾರ್ಖಾನೆಯ ಕಂದು ಗ್ಲೇಜಿನಲ್ಲಿ ಬೀಳುತ್ತಿದ್ದ ಬಿರುಕು ನಿಂತದ್ದು ಎಂದು ಲ್ಯಾಬಿನ ಹಳೇ ಮೇಲಧಿಕಾರಿ ಶೀನಣ್ಣ ಅವರ ಪರವಾಗಿ ಬರೆದುಕೊಟ್ಟರು. ಕೆಲಸ ಹೋಗದೆ ಉಳಿದದ್ದು ಅದರಿಂದ. ಆದರೆ ಲ್ಯಾಬಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಇಪ್ಪತ್ತು ವರ್ಷ ಗ್ಲೇಜ್ ಕಲಸಿದ ಕೈ ಇನ್ಸುಲೇಟರುಗಳಿಗೆ ಹುಲ್ಲು ಸುತ್ತತೊಡಗಿತು. ಪೇಪರಿನಲ್ಲಿ ಸನ್ಮಾನದ ಫೋಟೋ ಬಂತು. ಸಭೆಯಲ್ಲಿ ಕೊಂಚ ಗೊಂದಲವಾಯಿತು ಎಂದು ಕೊನೆಯಲ್ಲೊಂದು ಸಾಲು. ಪ್ರೊಫೆಸರು ಎಲ್ಲರಿಗೂ ಚಿತ್ರಗಳು ಅದಲುಬದಲಾಗಿವೆ, ಮುದ್ರಕರ ತಪ್ಪು ಅನ್ನುತ್ತ ತಿರುಗಿದರು. ಮುನಿಲಕ್ಷ್ಮಮ್ಮನ ಓಣಿಯವರೂ ಸುಮ್ಮನಿರಲಿಲ್ಲ. ಇಂಥ ದೊಡ್ಡವರ ಪುಸ್ತಕದಲ್ಲಿ ನಿನ್ನ ತಟ್ಟೆ ಬಂತಲ್ಲ, ಅಷ್ಟು ಸಾಲದಾ ಎಂದು ಕೇಳಿದರಂತೆ. ಹಾಗೆ ಕೇಳಿದವರ ಜೊತೆ ಅವರು ಒಂದು ವರ್ಷ ಮಾತು ಬಿಟ್ಟರು.

ನಮ್ಮ ಗ್ರಂಥಾಲಯಕ್ಕೂ ಬರುವುದು ನಿಲ್ಲಿಸಿದ್ದರು. ೧೯೮೨ರ ಬೇಸಿಗೆಯಲ್ಲಿ ಒಂದು ದಿನ ಬಂದರು, ನನ್ನನ್ನು ನೋಡದೆ ಕಪಾಟಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡಿದರೆ ಪ್ರೊಫೆಸರ ಪುಸ್ತಕ ಬಿಡಿಸಿಕೊಂಡು ಅಂಚಿನಲ್ಲೆಲ್ಲ ಕೆಂಪು ಪೆನ್ನಿನಿಂದ ಬರೆಯುತ್ತಿದ್ದರು. ತಪ್ಪು. ಅಳತೆ ಹದಿಮೂರಲ್ಲ, ಹದಿನಾರು. ತಪ್ಪು. ಇದು ಹಾಜಿರಾ ಬಿ ಮನೆಯದು. ಜಯನಗರದಲ್ಲಿ, ಮಲ್ಲೇಶ್ವರದಲ್ಲಿ, ಎಲ್ಲೆಲ್ಲಿ ಆ ಪುಸ್ತಕ ಇತ್ತೋ ಅಲ್ಲೆಲ್ಲ ರಜಾದಿನ ಹೋಗಿ ಇದೇ ಕೆಲಸ ಮಾಡಿದ್ದರು. ಒಂದು ಕಡೆ ಹಿಡಿದು ಹೊರಗೆ ಕಳಿಸಿದ್ದರಂತೆ.

ನನ್ನ ನೆರಳು ಬಿದ್ದದ್ದು ಕಂಡು ತಲೆಯೆತ್ತಿದರು. "ಪೊಲೀಸ್ ಕರೀತೀರಾ?"

"ಪುಸ್ತಕದ ಮೇಲೆ ಬರೀಬಾರ್ದು. ಬೇರೆ ಹಾಳೇಲಿ ಬರ್ಕೊಡಿ. ನಾನು ಟೈಪ್ ಮಾಡಿ ಒಳಗೆ ಅಂಟಿಸ್ತೀನಿ," ಅಂದೆ.

"ಅವತ್ತು ಸಭೇಲಿ ಕೂತೇ ಇದ್ರಲ್ಲ. ಇವತ್ತೇನು?"

ಹೆದರಿದ್ದೆ ಎಂದೆ. ಅವರು ಕ್ಷಮಿಸಿದೆ ಅನ್ನಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಟೈಪ್ ರೈಟರ್ ಎಲ್ಲಿದೆ ಎಂದು ಕೇಳಿದರು.

ಇಪ್ಪತ್ತೇಳು ತಪ್ಪುಗಳು. ನಾಲ್ಕು ಪುಟವಾಯಿತು. ಕೆಳಗೆ ಬಿ. ಎಂ. ಮುನಿಲಕ್ಷ್ಮಮ್ಮ, ಚಾಮರಾಜಪೇಟೆ ಎಂದು ಹಾಕಿಸಿದರು. ಸೈಕ್ಲೋಸ್ಟೈಲ್ ಮಾಡಿಸಿ, ಊರಿನಲ್ಲಿ ನನಗೆ ಪರಿಚಯವಿದ್ದ ಲೈಬ್ರೇರಿಯನ್ನುಗಳಿಗೆಲ್ಲ ಕೊಟ್ಟೆ. ಆರು ಜನ ಅಂಟಿಸಿದರು. ಪ್ರೊಫೆಸರು ನಮ್ಮ ಪ್ರತಿಯಲ್ಲಿ ಅದನ್ನು ನೋಡಿದ ದಿನ ಮೇಜಿನ ಹತ್ತಿರ ಬಂದು, ರಂಗನಾಯಕಿ, ನಮ್ಮವಳಾಗಿ ನೀನೇ ಹೀಗೆ ಮಾಡಬಹುದಾ ಎಂದು ಕೇಳಿದರು. ಇಪ್ಪತ್ತೇಳರಲ್ಲಿ ಯಾವುದು ಸುಳ್ಳು ತೋರಿಸಿ, ಅದನ್ನು ಕೀಳ್ತೀನಿ ಅಂದೆ. ಅವರು ತೋರಿಸಲಿಲ್ಲ. ಟ್ರಸ್ಟಿನ ಕಾರ್ಯದರ್ಶಿ ನನ್ನನ್ನು ಕರೆಸಿ ಎರಡು ಮಾತು ಅಂದರು, ಅನ್ನಿಸಿಕೊಂಡೆ. ಹಾಳೆ ಕೀಳಲಿಲ್ಲ.

೧೯೮೬ರಲ್ಲಿ ಪುಸ್ತಕದ ಎರಡನೇ ಮುದ್ರಣ ಬಂತು. ಒಂಬತ್ತನೇ ಚಿತ್ರ ಮಾಯವಾಗಿತ್ತು. ಇಪ್ಪತ್ತೇಳರಲ್ಲಿ ಇಪ್ಪತ್ತೊಂದು ತಪ್ಪುಗಳು ಮುನಿಲಕ್ಷ್ಮಮ್ಮ ಬರೆದಂತೆಯೇ ಸರಿಯಾಗಿದ್ದವು. ಅವರ ಹೆಸರು ಎಲ್ಲೂ ಇಲ್ಲ. 'ಲೇಖಕರಿಂದ ಪರಿಷ್ಕೃತ' ಎಂದು ಮಾತ್ರ ಇತ್ತು. ಕಾರ್ಖಾನೆಯ ಕೋಟಿನಲ್ಲೇ ಬಂದ ಅವರು ನಿಂತುಕೊಂಡೇ ಅದನ್ನು ತಿರುವಿಹಾಕಿದರು. ಆಮೇಲೆ ಕುರ್ಚಿ ಎಳೆದುಕೊಂಡು, ಉಳಿದ ಆರನ್ನು ಹೇಳುತ್ತೇನೆ, ಬರೆದುಕೊಳ್ಳಿ ಅಂದರು. ಟೈಪ್ ರೈಟರಿಗೆ ಹಾಳೆ ಹಾಕಿದೆ. ಎರಡು ಮುಗಿಸಿ ಮೂರನೆಯದಕ್ಕೆ ಬಂದವರು ಅರ್ಧಕ್ಕೆ ನಿಲ್ಲಿಸಿದರು.

"ಇನ್ನೊಬ್ರು ಕದ್ದಿದ್ದನ್ನ ನಾನ್ಯಾಕೆ ತೊಳೆದು ಒರೆಸಿ ಕೊಡ್ತಾ ಇದೀನಿ? ಆ ಹಾಳೆ ಎಳೀರಿ. ಬೇರೆ ಹಾಕಿ. ಕನ್ನಡದಲ್ಲಿ ಬರೀರಿ."

ಟೈಪ್ ರೈಟರ್ ಇಂಗ್ಲಿಷಿನದು. ನಾನು ಪೆನ್ನು ತೆಗೆದುಕೊಂಡೆ. ಶನಿವಾರ ಭಾನುವಾರ ಅವರು ಹೇಳುವುದು, ನಾನು ಬರೆಯುವುದು. ಎರಡು ವರ್ಷ ನಡೆಯಿತು. ಸಿಟ್ಟು ಬಂದಾಗ ಅವರ ಮಾತು ಸ್ಪಷ್ಟವಾಗುತ್ತಿತ್ತು. ನಾನು ಬರೆದದ್ದರಲ್ಲಿ ಒಂದು ಅಂಕಿ ತಪ್ಪಿದರೆ ನನ್ನ ಮೇಲೂ ರೇಗುತ್ತಿದ್ದರು. ಗ್ಲೇಜಿಗೆ ಕನ್ನಡದಲ್ಲಿ ಏನನ್ನಬೇಕೆಂದು ನಾವು ಮೂರು ವಾರ ಜಗಳವಾಡಿ ಕೊನೆಗೆ ಗ್ಲೇಜ್ ಎಂದೇ ಉಳಿಸಿಕೊಂಡೆವು. ಪುಸ್ತಕ ಚಾಮರಾಜಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಯಿತು, ಮುನ್ನೂರು ಪ್ರತಿ, ಚಿತ್ರಗಳು ಕಪ್ಪು ಬಿಳುಪು. ಕೊನೆಯದೊಂದು ಬಿಟ್ಟು ಪ್ರತಿ ಅಧ್ಯಾಯದ ಶೀರ್ಷಿಕೆಯೂ ಪಾತ್ರೆ ಕೊಟ್ಟವರ ಹೆಸರೇ. ಕೊನೆಯ ಅಧ್ಯಾಯದ ತುಂಬ ನಲವತ್ತಮೂರು ಪ್ರಯೋಗಗಳು, ನಲವತ್ತೆರಡು ಯಾಕೆ ಕೆಟ್ಟವು ಎಂಬುದರ ಸಮೇತ.

ಬಿಡುಗಡೆ ಸಮಾರಂಭ ಇಟ್ಟುಕೊಳ್ಳೋಣವೇ ಎಂದು ಕೇಳಿದೆ. ಮೈಕಿನ ಸಹವಾಸ ಬೇಡ ಎಂದು, ಕೊಟ್ಟವರ ಮನೆಮನೆಗೂ ಅವರೇ ನಡೆದು ಹೋಗಿ ಒಂದೊಂದು ಪ್ರತಿ ಕೊಟ್ಟು ಬಂದರು. ವಿಮರ್ಶೆ ಎಲ್ಲೂ ಬರಲಿಲ್ಲ. ಒಂದೆರಡು ತಿಂಗಳ ಮೇಲೆ ಪ್ರೊಫೆಸರ ಮನೆಯಿಂದ ನನಗೊಂದು ಕಾರ್ಡು ಬಂತು. ಅವರಿಗೆ ಓಡಾಡಲು ಆಗುತ್ತಿರಲಿಲ್ಲ. ಆ ಪುಸ್ತಕದ ಒಂದು ಪ್ರತಿ ಸಿಕ್ಕೀತೇ ಎಂದು ಕೇಳಿದ್ದರು. ಕಾರ್ಡನ್ನು ಮುನಿಲಕ್ಷ್ಮಮ್ಮನಿಗೆ ತೋರಿಸಿದೆ. ಎರಡು ಸಲ ಓದಿ ನನಗೇ ವಾಪಸು ಕೊಟ್ಟರು.

"ಪ್ರೆಸ್ಸಲ್ಲಿ ಸಿಗುತ್ತೆ. ಕೊಂಡ್ಕೊಂಡು ಓದ್ಲಿ ಅಂತ ಬರೀರಿ," ಎಂದರು.

ಹಾಗೇ ಬರೆದು ಹಾಕಿದೆ. ಅವರು ಕೊಂಡರೋ ಇಲ್ಲವೋ ನನಗೆ ತಿಳಿಯದು.